ಫೋನು ತೊಳೆದ ಭಾನುವಾರ

ಆ ಭಾನುವಾರ ಬೆಳಿಗ್ಗೆ ಮೈಲಾಪೂರಿನ ಫ್ಲಾಟಿನಲ್ಲಿ ಇದ್ದದ್ದು ನಾವು ಮೂರೇ ಜನ. ಒಳಕೋಣೆಯಲ್ಲಿ ದೊಡ್ಡಮ್ಮ ಲಿಂಗಪೂಜೆಗೆ ಕೂತಿದ್ದರು. ನಡುಮನೆಯ ಸೋಫಾದ ತುದಿಯಲ್ಲಿ ದೊಡ್ಡಪ್ಪ, ಫೋನನ್ನು ಪಂಚೆಯ ಮಡಿಕೆಯೊಳಗೆ ಮುಚ್ಚಿಟ್ಟುಕೊಂಡು. ಎರಡು ಬೀದಿ ಆಚೆಗಿರುವ ನನ್ನ ಮನೆಯಿಂದ ಇಡ್ಲಿ ಡಬ್ಬ ಹಿಡಿದು ಬಂದಿದ್ದ ನಾನು ಇನ್ನೂ ಚಪ್ಪಲಿ ಕೂಡ ಬಿಟ್ಟಿರಲಿಲ್ಲ.

"ಮಗ, ಬಾ ಇಲ್ಲಿ. ಇದನ್ನ ಅಳಿಸ್ಬಿಡು," ಅಂದರು ದೊಡ್ಡಪ್ಪ, ತುಟಿ ಅಲ್ಲಾಡಿಸದೆ.

"ಏನನ್ನ?"

"ಎಲ್ಲಾನೂ. ನಾನು ನೋಡಿದ್ದೆಲ್ಲಾನೂ. ವಿಭೂತಿ ಹಚ್ಕೊಂಡಾಯ್ತು ಅವಳು. ಇನ್ನು ಅರ್ಧ ಗಂಟೆ ಅಷ್ಟೆ ಇರೋದು."

ಎಪ್ಪತ್ತೆಂಟು ವರ್ಷದ ಮನುಷ್ಯ ಹೀಗೆ ಕೇಳಿದರೆ ಯಾರು ಏನು ಅಂದುಕೊಳ್ಳುತ್ತಾರೋ ನಾನೂ ಅದನ್ನೇ ಅಂದುಕೊಂಡೆ. ಅವರ ಮುಖ ನೋಡಲಾರದೆ ಕ್ಯಾಲೆಂಡರಿನ ಕಡೆ ನೋಡಿಕೊಂಡೇ ಫೋನು ಈಸಿಕೊಂಡೆ. ತೆರೆದರೆ, ಮಂಡಿ! ಹಸಿರು ಬಟ್ಟೆಯ ನಡುವೆ ಕಿಟಕಿಯಂತೆ ಬಿಟ್ಟ ಜಾಗದಲ್ಲಿ ಒಂದು ಮಂಡಿ. ಬೆರಳಿನಲ್ಲಿ ತಳ್ಳಿದರೆ ಇನ್ನೊಂದು ಮಂಡಿ. ಕೊಯ್ಯುವ ಕೈಗಳು, ಗರಗಸ, ಸುತ್ತಿಗೆ, ಮೂಳೆಯ ತಲೆಗೆ ತೊಡಿಸುವ ಹೊಳೆಯುವ ಲೋಹದ ಟೋಪಿ. ಯಾವ ಯಾವ ದೇಶದ್ದೋ ಡಾಕ್ಟರುಗಳು, ಯಾವ ಯಾವ ಭಾಷೆಯೋ.

"ಅಯ್ಯೋ ದೊಡ್ಡಪ್ಪಾ!"

"ಮೆತ್ತಗೆ ಕಣೇ, ಮೆತ್ತಗೆ!"

ಅವರು ಅಷ್ಟು ಹೆದರಿದ್ದಕ್ಕೆ ಕಾರಣವಿತ್ತು. ದೊಡ್ಡಮ್ಮನ ಬಲಗಾಲಿನ ಮಂಡಿ ಸವೆದು ಎಷ್ಟೋ ಕಾಲವಾಗಿತ್ತು. ಐದು ವರ್ಷದ ಹಿಂದೊಮ್ಮೆ ಆಪರೇಶನ್‌ಗೆ ಒಪ್ಪಿ ಆಸ್ಪತ್ರೆಯವರೆಗೂ ಹೋಗಿದ್ದರು. ಹೊರಡುವಾಗ ಪಕ್ಕದ ಫ್ಲಾಟಿನ ಮಾಮಿ ಪ್ರೀತಿಯಿಂದ ಕೈ ಹಿಡಿದು, "ಮೂಳೆಯನ್ನ ಅರೀತಾರಂತೆ, ಆದರೆ ನೋವೇ ಗೊತ್ತಾಗಲ್ವಂತೆ" ಎಂದು ಧೈರ್ಯ ಹೇಳಿಬಿಟ್ಟರು. ದೊಡ್ಡಮ್ಮ ಆಸ್ಪತ್ರೆಯ ಲಿಫ್ಟಿನ ಬಾಗಿಲ ತನಕ ಹೋದವರು ಅಲ್ಲಿಂದಲೇ ತಿರುಗಿ ಮನೆಗೆ ಬಂದರು. ಆಮೇಲೆ ಯಾರು ಹೇಳಿದರೂ ಕೇಳಲಿಲ್ಲ. ಈ ಸಲ ಒಪ್ಪಿದ್ದು ಅವಮಾನದಿಂದ. ಮಣೆಯ ಮೇಲೆ ಪೂಜೆಗೆ ಕೂತವರಿಗೆ ಏಳಲು ಆಗದೆ, ದೊಡ್ಡಪ್ಪನ ಕೈಯಲ್ಲಿ ಎತ್ತಲೂ ಆಗದೆ, ಕೆಳಗಿನ ವಾಚ್‌ಮನ್ನನ್ನು ಕರೆಸಬೇಕಾಯಿತು. ಮುಖ ತೊಳೆಯದೆ ಮನೆಯವರೂ ಕಾಲಿಡದ ಕೋಣೆಗೆ ಅವನು ಬೀಡಿ ವಾಸನೆಯ ಸಮೇತ ಬಂದು, "ಅಮ್ಮಾ, ಪುಡಿಚ್ಚುಕೋಂಗೋ" ಎಂದು ತೋಳು ಕೊಟ್ಟ. ಹಿಡಿದುಕೊಂಡು ಎದ್ದರು. ಅಂದಿನಿಂದ ಪೂಜೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಆ ಸಂಜೆಯೇ ನನಗೆ ಫೋನು ಮಾಡಿ ಷರತ್ತು ಹಾಕಿದರು:

"ಮಾಡಿಸ್ಕೋತೀನಿ. ಆದ್ರೆ ಏನ್ ಕೊಯ್ತಾರೋ ಏನ್ ಹೊಲೀತಾರೋ ನನ್ನ ಕಿವಿಗೆ ಬೀಳ್ಕೂಡ್ದು, ಕಣ್ಣಿಗೆ ಬೀಳ್ಕೂಡ್ದು. ಮಲಗಿಸ್ಲಿ, ಎಬ್ಬಿಸ್ಲಿ. ನಡುವೆ ಆಗೋದು ನನ್ನದಲ್ಲ. ಒಬ್ರಾದ್ರೂ ಗರಗಸ ಅಂತ ಬಾಯಿ ಬಿಟ್ರೋ, ಹೋದ ಸಲದ ಹಂಗೇ!"

ಗುರುವಾರಕ್ಕೆ ದಿನ ಗೊತ್ತಾಗಿತ್ತು. ಅದಕ್ಕೆ ಉಳಿದಿದ್ದದ್ದು ನಾಲ್ಕು ದಿನ.

"ಗೊತ್ತಿದ್ದೂ ಗೊತ್ತಿದ್ದೂ ಇದನ್ನ ಯಾಕೆ ನೋಡೋಕೆ ಹೋದ್ರಿ?" ಅಂದೆ.

"ಒಂದನ್ನ ಒಡೆದು ನೋಡ್ದೆ ಮೂಟೆ ತಗೊಂಡೋನೇನೇ ನಾನು?"

ದೊಡ್ಡಪ್ಪ ತಿಪಟೂರಿನ ಕಡೆಯಿಂದ ಕೊಬ್ಬರಿ ತರಿಸಿ, ರಾಯಪುರಂ ಗೋಡೌನಿನಲ್ಲಿಟ್ಟು ಮಾರಿದವರು. ಉಂಡೆ ಕೊಬ್ಬರಿ ಹೊರಗಿನಿಂದ ನೋಡುವುದಕ್ಕೆ ಎಲ್ಲವೂ ಒಂದೇ. ಕಿವಿಯ ಹತ್ತಿರ ಅಲ್ಲಾಡಿಸಿ, ಮೂಟೆಯ ತಳದಿಂದ ಒಂದನ್ನು ಎಳೆದು ಒಡೆದು, ಒಳಗಿನ ಬಿಳುಪು ನೋಡಿದ ಮೇಲೆಯೇ ಮಾತು. ನಾನು ಹತ್ತನೇ ಕ್ಲಾಸಿನಿಂದ ಅವರ ಮನೆಯಲ್ಲೇ ಬೆಳೆದವಳು. ಸ್ಕೂಲಿನಲ್ಲಿ ತಮಿಳು, ಮನೆಯಲ್ಲಿ ಇವರಿಬ್ಬರ ಜಗಳದ ಕನ್ನಡ. ರಜೆಯಲ್ಲಿ ಗೋಡೌನಿಗೆ ಹೋದಾಗ ಒಡೆದ ಕೊಬ್ಬರಿಯೆಲ್ಲ ನನ್ನ ಲಂಗದ ಮಡಿಲಿಗೇ ಬೀಳುತ್ತಿತ್ತು. ಅಂಥವರು ಹೆಂಡತಿಯ ಮಂಡಿಯನ್ನು ಒಳಗೆ ನೋಡದೆ ಹೇಗೆ ಒಪ್ಪಿಸಿಯಾರು?

ಎಡವಟ್ಟಾದದ್ದು ಫೋನಿನಿಂದ. ಇಬ್ಬರಿಗೂ ಒಂದೇ ಫೋನು. ಇನ್ನೊಂದು ತಂದುಕೊಡುತ್ತೇನೆ ಎಂದರೆ ದೊಡ್ಡಮ್ಮ, "ಎರಡು ಯಾಕೆ, ನಾವೇನು ಬೇರೆ ಆಗಿದೀವಾ?" ಅನ್ನುತ್ತಿದ್ದರು. ಬೆಳಿಗ್ಗೆಯೆಲ್ಲ ದೊಡ್ಡಪ್ಪನದು, ಊಟವಾದ ಮೇಲೆ ದೊಡ್ಡಮ್ಮನದು. ಇವರು ನೋಡುವುದು ರಂಗೋಲಿ, ಉಪ್ಪಿನಕಾಯಿ, ಮತ್ತೆ ಯಾವುದೋ ಹಳ್ಳಿಯ ಮನೆಯವರು ದಿನಾ ಹಾಕುವ ಒಂದು ಬಿಳಿ ಕರುವಿನ ರೀಲ್ಸು. ಆ ಕರು ಹಾಲು ಕುಡಿದದ್ದು, ಬಕೆಟ್ಟು ಬೀಳಿಸಿದ್ದು, ಎಲ್ಲದರ ವರದಿ ಸಂಜೆ ನನಗೆ ಬರುತ್ತಿತ್ತು. ಆದರೆ ಬೆಳಿಗ್ಗೆ ಯಾರು ನೋಡಿದರು, ಮಧ್ಯಾಹ್ನ ಯಾರು ನೋಡಿದರು ಎಂದು ಫೋನಿಗೆ ಏನು ಗೊತ್ತು? ಬೆಳಿಗ್ಗೆ ಇಷ್ಟಪಟ್ಟು ನೋಡಿದ್ದನ್ನೇ ಮಧ್ಯಾಹ್ನವೂ ಬಡಿಸಿತು. ಶನಿವಾರ ಎರಡು ರಂಗೋಲಿಯ ನಡುವೆ ಒಂದು ಮಂಡಿ ಬಂದೇಬಿಟ್ಟಿತಂತೆ.

"ಪುಣ್ಯಕ್ಕೆ ಅವಳು ಕನ್ನಡಕ ಹಾಕಿರಲಿಲ್ಲ," ಅಂದರು ದೊಡ್ಡಪ್ಪ, ಬೆವರು ಒರೆಸಿಕೊಂಡು. "'ಏನ್ರೀ, ಈ ಬಡಗಿ ಎಷ್ಟು ನಾಜೂಕಾಗಿ ಸುತ್ತಿಗೆ ಹಾಕ್ತಾನೆ ನೋಡ್ರಿ, ನಮ್ಮ ಬಚ್ಚಲ ಬಾಗಿಲಿಗೆ ಇಂಥೋನು ಬೇಕಿತ್ತು' ಅಂದ್ಲು. ಹೂ ಕಣೆ ಅಂದೆ. ನಾಳೆ ಕನ್ನಡಕ ಹಾಕ್ಕೊಂಡ್ರೆ?"

ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡು ಕೆಲಸ ಶುರುಮಾಡಿದೆ. ಮೊದಲು ನೋಡಿದ್ದರ ಪಟ್ಟಿ. ಒಂದೇ ಏಟಿಗೆ ಹೋಯಿತು. ಆಮೇಲೆ ಲೈಕು. ಅದನ್ನು ಒಂದೊಂದಾಗಿ ಕೀಳಬೇಕಿತ್ತು, ಏಕೆಂದರೆ ದೊಡ್ಡಪ್ಪ ಚೆನ್ನಾಗಿ ಕೊಯ್ದವರಿಗೆಲ್ಲ ಕೆಂಪು ಹೃದಯ ಒತ್ತಿದ್ದರು. ಒಬ್ಬ ಡಾಕ್ಟರಿಗಂತೂ ಕನ್ನಡದಲ್ಲೇ ಬರೆದಿದ್ದರು: 'ಅಚ್ಚುಕಟ್ಟಾದ ಕೆಲಸ. ಕೈಗೆ ಶುಭವಾಗಲಿ.' ಆತ ಅದಕ್ಕೆ ಕೈ ಮುಗಿದ ಚಿತ್ರ ಕಳಿಸಿದ್ದ.

"ಇದೊಂದು ಇರ್ಲಿ ಮಗ. ಪಾಪ, ಉತ್ತರ ಕೊಟ್ಟಿದಾನೆ."

"ದೊಡ್ಡಪ್ಪಾ!"

"ಸರಿ, ತೆಗಿ ತೆಗಿ."

ಕೊನೆಗೆ ಉಳಿದದ್ದು, ಅವರು ಹುಡುಕಿದ ಮಾತುಗಳ ಪಟ್ಟಿ. ಕಾಗುಣಿತಕ್ಕೆ ತಡಕಾಡಿ, ಒಂದು ಬೆರಳಲ್ಲಿ ಒತ್ತಿದ ಸಾಲುಗಳು. 'ಮಂಡಿ ಆಪರೇಶನ್ ಎಷ್ಟು ಹೊತ್ತು.' 'ಮಂಡಿ ಆಪರೇಶನ್ ಎಪ್ಪತ್ತು ವರ್ಷ ಹೆಂಗಸರು.' 'ಮತ್ತು ಬರಿಸಿದ ಮೇಲೆ ಎಚ್ಚರ ಆಗದೆ ಇದ್ದರೆ.' 'ಎಚ್ಚರ ಆಗದೆ ಇದ್ದರೆ ಏನು ಮಾಡುತ್ತಾರೆ.' ಕೊನೆಯದನ್ನು ಮೂರು ದಿನ ಮೂರು ಸಲ ಕೇಳಿದ್ದರು. ದೊಡ್ಡಪ್ಪ ಕಿಟಕಿಯ ಕಡೆ ತಿರುಗಿ, ಬೀದಿಯ ಹೂವಿನವಳು ಇವತ್ತು ಯಾಕೆ ಬಂದಿಲ್ಲವೋ ಎಂದು ಬಹಳ ಗಮನವಿಟ್ಟು ನೋಡುತ್ತಿದ್ದರು. ಒಂದೊಂದೇ ಸಾಲು ಒರೆಸಿದೆ.

ಫೋನು ಈಗ ತೊಳೆದಿಟ್ಟ ತಟ್ಟೆಯ ಹಾಗಾಗಿತ್ತು. ಹೊಸದಾಗಿ ತೆರೆದು ನೋಡಿದರೆ ಹೊಸ ಫಜೀತಿ. ಯಾರು ಏನು ಇಷ್ಟಪಡುತ್ತಾರೆಂದು ಗೊತ್ತಿಲ್ಲದಾಗ ಅದು ಲೋಕಕ್ಕೆಲ್ಲ ಹಂಚುವ ಸರಕನ್ನೇ ಹಂಚುತ್ತದಲ್ಲ! ಸೊಂಟ ಕುಣಿಸುವ ಹುಡುಗಿಯರು ಒಬ್ಬರ ಹಿಂದೆ ಒಬ್ಬರು ಬಂದರು.

"ಶಿವ ಶಿವಾ, ಇದ್ಯಾರೇ ಇವ್ರೆಲ್ಲ? ನಾನು ಕರೆದಿಲ್ಲಪ್ಪ!"

"ಇರಿ, ಇದಕ್ಕೆ ಪಾಠ ಹೇಳ್ಬೇಕು. ರಂಗೋಲಿ ಹಾಕಿ, ಉಪ್ಪಿನಕಾಯಿ ಹಾಕಿ, ಕೊನೆ ತನಕ ನೋಡೋಣ. ಆಮೇಲೆ ಅದೇ ಅದನ್ನೇ ತೋರಿಸುತ್ತೆ."

ದೊಡ್ಡಪ್ಪ ಯೋಚಿಸಿದರು. "ಮೂಟೆ ಬಾಯಿಗೆ ಒಳ್ಳೆ ಕೊಬ್ಬರಿ ಜೋಡ್ಸೋದು ಅನ್ನು. ಐವತ್ತು ವರ್ಷ ವ್ಯಾಪಾರದಲ್ಲಿ ಮಾಡದೇ ಇದ್ದದ್ದನ್ನ ಈಗ ಮಾಡಿಸ್ತಿದೀಯ ನೀನು."

ಹಾಗಂದರೂ ಬೇರೆ ದಾರಿ ಇರಲಿಲ್ಲ. ಇಬ್ಬರೂ ತಲೆ ತಲೆ ಸೇರಿಸಿ, ಸದ್ದು ಆರಿಸಿ, ಮಾವಿನಕಾಯಿ ಹೆಚ್ಚುವುದನ್ನು ಒಂದು, ಚುಕ್ಕಿ ಇಡುವುದನ್ನು ಎರಡು ನೋಡಿದೆವು. ಮೂರನೆಯದು ಶುರುವಾಗುವಷ್ಟರಲ್ಲಿ ಒಳಗೆ ಗಂಟೆ ಬಾರಿಸಿತು. ಪೂಜೆ ಮುಗಿದಿತ್ತು.

ಊಟವಾಯಿತು. ದೊಡ್ಡಮ್ಮ ಕನ್ನಡಕ ಒರೆಸಿ ಹಾಕಿಕೊಂಡು, ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಫೋನು ಕೈಗೆತ್ತಿಕೊಂಡರು. ನಾನು ಪಾತ್ರೆ ಒರೆಸುವ ನೆವದಲ್ಲಿ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದೆ. ರಂಗೋಲಿ ಬಂತು. ಉಪ್ಪಿನಕಾಯಿ ಬಂತು. ದೊಡ್ಡಪ್ಪ ಉಸಿರು ಬಿಟ್ಟರು.

"ರೀ, ನನ್ನ ಕರು ಎಲ್ಲಿ?"

ನಮ್ಮಿಬ್ಬರಿಗೂ ಕರು ನೆನಪಾಗಿರಲಿಲ್ಲ. ದೊಡ್ಡಪ್ಪನದನ್ನು ಒರೆಸುವ ಭರದಲ್ಲಿ ದೊಡ್ಡಮ್ಮನದನ್ನೂ ಒರೆಸಿಬಿಟ್ಟಿದ್ದೆವು. ದೊಡ್ಡಮ್ಮ ತಳ್ಳಿದರು, ತಳ್ಳಿದರು, ಕರುವಿನ ಬದಲು ಮಿನುಗು ಲಂಗದ ಒಬ್ಬಳು ಬಂದು ಕುಣಿಯತೊಡಗಿದಳು. ದೊಡ್ಡಮ್ಮ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು. ಆಮೇಲೆ ನಿಧಾನವಾಗಿ ದೊಡ್ಡಪ್ಪನ ಕಡೆ ತಿರುಗಿದರು.

"ಹೋ. ಇದಾ ವಿಷಯ? ಅದಕ್ಕೇನಾ ಬೆಳಿಗ್ಗೆಯಿಂದ ಫೋನನ್ನ ಪಂಚೆಯೊಳಗೆ ಇಟ್ಕೊಂಡು ಕೂತಿದ್ದು?"

ದೊಡ್ಡಪ್ಪ ನನ್ನನ್ನು ನೋಡಿದರು. ನಾನು ಬಾಯಿ ತೆರೆದೆ. ಆ ಮನುಷ್ಯ ಜನ್ಮದಲ್ಲಿ ಕುಣಿತ ನೋಡಿದವರಲ್ಲ. ಮದುವೆ ಮನೆಯಲ್ಲಿ ಆರ್ಕೆಸ್ಟ್ರಾ ಶುರುವಾದರೆ ಎದ್ದು ಎಲೆ ಅಡಿಕೆ ಹುಡುಕಿಕೊಂಡು ಹೋಗುವವರು. ಹೇಳಿಬಿಡಬೇಕು ಅನ್ನಿಸಿತು. ಅವರು ಹುಬ್ಬು ಗಂಟಿಕ್ಕಿ, ಬೇಡ ಅನ್ನುವ ಹಾಗೆ ಒಂದೇ ಸಲ ತಲೆ ಅಲ್ಲಾಡಿಸಿ, ಹೆಂಡತಿಯ ಕಡೆ ತಿರುಗಿದರು.

"ಹೂ ಕಣೆ. ನೋಡ್ದೆ."

"ನೋಡ್ದೆ! ಏನ್ ಧೈರ್ಯವಾಗಿ ಹೇಳ್ತಾರೆ ನೋಡೇ ಮಗ! ಎಷ್ಟು ದಿನದಿಂದ?"

"ಹದಿನೈದು ದಿನ ಇರ್ಬೋದು."

"ಇಲ್ಲಿ ಹೆಂಡ್ತಿ ಕಾಲು ನೋವು ಅಂತ ಕೂತಿದ್ರೆ, ಇವರಿಗೆ ಬೇರೆಯೋರ ಕಾಲು ಕುಣಿಯೋದು ನೋಡ್ಬೇಕಂತೆ. ಎಷ್ಟು ಚೆನ್ನಾಗಿದಾಳೆ ಅವಳು?"

"ಪರವಾಗಿಲ್ಲ," ಅಂದರು ದೊಡ್ಡಪ್ಪ.

ದೊಡ್ಡಮ್ಮ ಸಿಟ್ಟಾಗುತ್ತಾರೆಂದು ನಾನು ಕಾದೆ. ಅವರ ಹೊಟ್ಟೆ ಅಲ್ಲಾಡತೊಡಗಿತು. ಕನ್ನಡಕ ತೆಗೆದು, ಕಣ್ಣು ಒರೆಸಿಕೊಂಡು, ಬಿದ್ದು ಬಿದ್ದು ನಕ್ಕರು. ಸಂಜೆಯೊಳಗೆ ತಿಪಟೂರಿನ ತಮ್ಮನಿಗೆ ಸುದ್ದಿ ಮುಟ್ಟಿತು. ಸೋಮವಾರ ಪಕ್ಕದ ಮನೆ ಮಾಮಿಗೆ, ಮಂಗಳವಾರ ಹಾಲಿನವನಿಗೆ. "ನಮ್ಮೆಜಮಾನ್ರು ಡ್ಯಾನ್ಸ್ ಕಲೀತಿದಾರೆ" ಅನ್ನುವುದು, ನಗುವುದು. ಕರುವನ್ನು ನಾನೇ ಹುಡುಕಿ ಕೊಟ್ಟೆ, ಆದರೂ ಆ ನಾಲ್ಕು ದಿನ ಅವರಿಗೆ ಕರುವಿನ ಮೇಲೆ ಅಷ್ಟು ಮನಸ್ಸಿರಲಿಲ್ಲ. ದೊಡ್ಡಪ್ಪ ತಲೆ ತಗ್ಗಿಸಿಕೊಂಡು ಎಲ್ಲ ಕೇಳಿಸಿಕೊಂಡರು. ಒಂದು ಸಲ ಮಾತ್ರ ನನ್ನ ಹತ್ತಿರ, "ಹಾಲಿನವನಿಗೆ ಹೇಳ್ಬಾರ್ದಿತ್ತು," ಅಂದರು.

ಗುರುವಾರ ಆಸ್ಪತ್ರೆಯಲ್ಲಿ ಗಾಲಿಮಂಚ ಲಿಫ್ಟಿನ ಬಾಗಿಲಿಗೆ ಬಂದಾಗ ನನಗೆ ಹೋದ ಸಲದ್ದು ನೆನಪಾಯಿತು. ದೊಡ್ಡಮ್ಮನೂ ಆ ಬಾಗಿಲನ್ನು ಗುರುತು ಹಿಡಿದಂತಿತ್ತು. ಕೈ ಪಕ್ಕದ ಕಂಬಿಯನ್ನು ಬಿಗಿಯಾಗಿ ಹಿಡಿಯಿತು. ತಳ್ಳುತ್ತಿದ್ದ ನರ್ಸ್ ಹುಡುಗಿ ಬಗ್ಗಿ, "ಎನ್ನ ಪಾಟಿ, ಬಯಮಾ?" ಎಂದಳು.

"ನನಗೆ ಏನ್ ಬಯಮ್ಮಾ? ನಾನು ಒಳಗೆ ಹೋದ್ಮೇಲೆ ಇವರ ಕೈಗೆ ಫೋನು ಕೊಡ್ಬೇಡ, ಅಷ್ಟೇ. ಡ್ಯಾನ್ಸ್ ಪಾಪ್ಪಾರು, ನೋಡ್ತಾ ಕೂತ್ಬಿಡ್ತಾರೆ!"

ನರ್ಸು ಕಿಸಕ್ಕನೆ ನಕ್ಕಳು. ದೊಡ್ಡಮ್ಮನೂ ನಕ್ಕರು. ಆ ನಗು ಮುಗಿಯುವ ಮೊದಲೇ ಲಿಫ್ಟಿನ ಬಾಗಿಲು ಮುಚ್ಚಿಕೊಂಡಿತು.

ಹೊರಗಿನ ಬೆಂಚಿನಲ್ಲಿ ನಾವಿಬ್ಬರೂ ಕೂತೆವು. ನನಗೆ ಅದು ಬರೀ ಕಾಯುವ ಹೊತ್ತು. ಕಾಫಿ ತಂದೆ, ಯಾರದೋ ಮಗುವನ್ನು ಮಾತಾಡಿಸಿದೆ. ದೊಡ್ಡಪ್ಪ ಗೋಡೆಯ ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಾಫಿ ಲೋಟವನ್ನು ಕೆಳಗಿಟ್ಟು, "ಈಗ ಗರಗಸ," ಅಂದರು. ಇನ್ನೂ ಸ್ವಲ್ಪ ಹೊತ್ತಾದ ಮೇಲೆ, "ಈಗ ಸುತ್ತಿಗೆ ಹಾಕ್ತಿರ್ತಾರೆ." ಅವರ ಬಲಗೈ ತಮ್ಮದೇ ಬಲಮಂಡಿಯನ್ನು ಮುಚ್ಚಿಕೊಂಡಿತ್ತು.

"ನೋಡ್ಬಾರ್ದಿತ್ತು ಮಗ," ಅಂದರು. "ಅವಳು ಹೇಳಿದ್ದೇ ಸರಿ."

ನಾನು ಅವರ ಕೈಯ ಮೇಲೆ ಕೈ ಇಟ್ಟುಕೊಂಡು ಕೂತೆ. ಮಧ್ಯಾಹ್ನ ಒಂದು ಗಂಟೆಗೆ ಒಳಗೆ ಕರೆದರು. ದೊಡ್ಡಮ್ಮ ಅರೆಗಣ್ಣು ತೆರೆದು, ಒಣಗಿದ ತುಟಿಯಲ್ಲಿ, "ಊಟ ಆಯ್ತೇನ್ರೀ?" ಎಂದು ಕೇಳಿದರು. ದೊಡ್ಡಪ್ಪ ಅವರ ಹೊದಿಕೆಯ ಅಂಚು ಸರಿಮಾಡತೊಡಗಿದರು. ಆಯಿತು ಎಂದು ನಾನೇ ಹೇಳಿದೆ.

ಮರುವರ್ಷ ಎಡಗಾಲಿನ ಮಂಡಿಗೂ ಆಪರೇಶನ್ ಆಯಿತು. ಡಾಕ್ಟರಿಗೆ ಫೋನು ಮಾಡಿ ದಿನ ಗೊತ್ತುಮಾಡಿದ್ದು ದೊಡ್ಡಮ್ಮನೇ. ಬೆಳಿಗ್ಗೆ ಆರಕ್ಕೆಲ್ಲ ಪೂಜೆ ಮುಗಿಸಿ, ಆಟೋ ಬಂದಾಗ, ಹತ್ತಲು ಹಿಂದೆ ಮುಂದೆ ನೋಡುತ್ತಿದ್ದ ದೊಡ್ಡಪ್ಪನನ್ನು ಮೊದಲು ಹತ್ತಿಸಿ ಆಮೇಲೆ ತಾವು ಹತ್ತಿದರು.