ಆಯುಧಪೂಜೆಯ ಸಂಜೆ ಬಿಚ್ಚಿದ ಕ್ಯಾಮೆರಾ

ಆಯುಧಪೂಜೆಗೆ ಅಮ್ಮ ನನ್ನ ಕ್ಯಾಮೆರಾವನ್ನೂ ಕುಡುಗೋಲು, ಹೊಲಿಗೆ ಮೆಷಿನ್ನಿನ ಪಕ್ಕದಲ್ಲಿಟ್ಟಿದ್ದಳು. ನಾನು ಮತ್ತೆ ಮತ್ತೆ ಹೇಳಿದ್ದರಿಂದ ಕುಂಕುಮ ಮುಚ್ಚಳದ ಮೇಲಷ್ಟೇ ಬಿದ್ದಿತ್ತು.

ಮಧ್ಯಾಹ್ನ ಊಟವಾದ ಮೇಲೆ ನನ್ನ ಪಿಎಚ್‌ಡಿ ಗೈಡ್ ಫೋನ್ ಮಾಡಿದರು. ಹಳೆಯ ಗುಡಿಗಳ ಕಲ್ಲು ಹೇಗೆ ಸವೆಯುತ್ತದೆ ಎನ್ನುವುದು ನನ್ನ ಸಂಶೋಧನೆಯ ವಿಷಯ. ದೊಡ್ಡಗದ್ದವಳ್ಳಿಯ ಗುಡಿಗೋಡೆಯ ಚಿತ್ರಗಳಲ್ಲಿ ಎಡ ಮೇಲ್ಮೂಲೆಯಲ್ಲಿ ಚುಕ್ಕೆಗಳಿವೆಯಲ್ಲ, ಅವು ಕಲ್ಲಿನ ಕುಳಿಗಳೋ ಕ್ಯಾಮೆರಾದ ಧೂಳೋ ಎಂದು ಕೇಳಿದರು. ಮತ್ತೆ ಚಿತ್ರ ತೆಗೆಯಲು ಮರುದಿನ ಬೆಳಿಗ್ಗೆ ಮಾತ್ರ ಅನುಮತಿ ಇತ್ತು. ಮನೆಯ ಬಿಳಿ ಗೋಡೆಯ ಚಿತ್ರ ತೆಗೆದು ನೋಡಿದೆ. ಅದೇ ಮೂಲೆಯಲ್ಲಿ ಚುಕ್ಕೆಗಳು. ಒಳಗೆ ಬೆಳಕು ಹಿಡಿಯುವ ಸೆನ್ಸರ್ ಮೇಲೆ ಧೂಳು ಕೂತಿತ್ತು. ಕ್ಯಾಮೆರಾ ಬಿಚ್ಚಿ ಒರೆಸಬೇಕಿತ್ತು.

ನಮ್ಮ ಬೀದಿ ಅಗೆದು ಹಾಕಿದಾಗಿನಿಂದ ಮನೆಯೆಲ್ಲ ಧೂಳು. ಬಿಸಿನೀರು ಬಿಟ್ಟು ಆವಿಯ ಜೊತೆ ಧೂಳೂ ಇಳಿಯುವವರೆಗೆ ಕಾದರೆ ಬಚ್ಚಲುಮನೆಯ ಗಾಳಿಯೇ ವಾಸಿ. ಕ್ಯಾಮೆರಾ ಎತ್ತಿಕೊಂಡು ಆ ಕಡೆ ಹೊರಟಾಗ ಅಮ್ಮ ಅಡ್ಡ ನಿಂತಳು.

"ಪೂಜೆಗಿಟ್ಟಿದ್ದನ್ನ ನಾಳೆ ಗಂಟ ಮುಟ್ಟಂಗಿಲ್ಲ ಕಣೆ. ನೀನು ನೋಡಿದ್ರೆ ಬಚ್ಚಲಿಗೆ ತಕಂಡೋಯ್ತಿದೀಯ."

"ಅಲ್ಲೇ ಧೂಳು ಕಮ್ಮಿ ಅಮ್ಮ."

"ಅಂಗಾರೆ ನಾಳೆಯಿಂದ ದೇವ್ರ ಪಟಾನೂ ಅಲ್ಲೇ ಮಡಗು."

ನಾನು ಗೈಡ್ ಕೇಳಿದ್ದನ್ನು ಹೇಳಿದೆ. ಅವಳು ಹೋಗಿ ಬಚ್ಚಲುಮನೆ ತೊಳೆದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆಮೇಲೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಮೂಲೆಮೂಲೆಗೂ ಹೊಗೆ ಹಿಡಿದಳು. "ಈಗ ಓಗು. ಮೈಲಿಗೆ ಕಳೀತು." ಒಳಗೆ ನಲ್ಲಿಯೂ ಕಾಣುತ್ತಿರಲಿಲ್ಲ.

ಹೊಗೆ ಹೋಗುವವರೆಗೆ ಅಂಗಳದಲ್ಲಿ ಅತ್ತಿಂದಿತ್ತ ತಿರುಗಿದೆ. ಬ್ಯಾಟರಿ ತುಂಬಿದೆಯೇ ಎಂದು ನೋಡಿದೆ, ಮತ್ತೆ ನೋಡಿದೆ. ನಡುವೆ ಬ್ಯಾಟರಿ ಸತ್ತರೆ ಸೆನ್ಸರ್ ಕಾಣಲೆಂದು ಮೇಲೆತ್ತಿದ ಒಳಗನ್ನಡಿ ಕೆಲಸದ ಮಧ್ಯೆಯೇ ಕೆಳಗೆ ಬೀಳುತ್ತದೆ.

ಆಮೇಲೆ ಬಿಸಿನೀರು ಬಿಟ್ಟು, ಆವಿಯೂ ಇಳಿದ ಮೇಲೆ ಬಾಗಿಲು ಹಾಕಿಕೊಂಡು ಲೆನ್ಸ್ ತೆಗೆದೆ. ಕ್ಯಾಮೆರಾವನ್ನು ಬೋರಲು ಹಿಡಿದು ರಬ್ಬರ್ ಬುರುಡೆಯಿಂದ ಗಾಳಿ ಒತ್ತಿದೆ. ಚಿತ್ರದ ಮೇಲ್ಭಾಗ ಸೆನ್ಸರಿನಲ್ಲಿ ಕೆಳಗಿರುತ್ತದೆ ಎಂಬುದು ಓದಿ ಗೊತ್ತಿದ್ದರೂ ಕೈ ಮೇಲಕ್ಕೇ ಹೋಗುತ್ತಿತ್ತು. ಗಾಳಿಗೆ ಚುಕ್ಕೆಗಳು ಹೋಗಲಿಲ್ಲ. ಒರೆಸಲು ಬಟ್ಟೆತುದಿಯ ಒದ್ದೆ ಸ್ವಾಬ್ ಕಡ್ಡಿ ತೆಗೆದು, ಉಸಿರು ಬಿಗಿಹಿಡಿದು, ಒಂದು ಅಂಚಿನಿಂದ ಇನ್ನೊಂದಕ್ಕೆ ಒಮ್ಮೆ ಎಳೆದೆ. ಗೀರಿದೆನೇನೋ ಎಂದು ಟಾರ್ಚ್ ಹಿಡಿದು ನೋಡಿದೆ. ಹೊರಗಿನಿಂದ ಅಮ್ಮ ಆಯಿತೇ ಎಂದು ಕೇಳುತ್ತಲೇ ಇದ್ದಳು. ಬಿಳಿ ಗೋಡೆಯ ಚಿತ್ರ ಈಗ ಬರೀ ಬಿಳಿಯಾಗಿತ್ತು. ಆದರೂ ನಂಬಿಕೆ ಬರಲಿಲ್ಲ.

ಬೆಳಿಗ್ಗೆ ದೊಡ್ಡಗದ್ದವಳ್ಳಿಯಲ್ಲಿ ಬಸ್ಸಿಳಿದವಳೇ ಮೊದಲು ಆಕಾಶದ ಚಿತ್ರ ತೆಗೆದೆ. ಒಂದು ಕಲೆಯೂ ಇರಲಿಲ್ಲ. ಹಿಂದಿನಷ್ಟೇ ದೂರದಲ್ಲಿ ನಿಂತು ಗುಡಿಗೋಡೆಯದು ತೆಗೆದೆ. ಚುಕ್ಕೆಗಳೆಲ್ಲ ಹೋಗಿದ್ದವು, ಮೂಲೆಯಲ್ಲಿ ಒಂದು ಉಳಿದಿತ್ತು. ಹತ್ತಿರ ಹೋಗಿ ಕೈ ಚಾಚಿ ಮುಟ್ಟಿದೆ. ಕಿರುಬೆರಳ ತುದಿ ಒಳಗೆ ಇಳಿಯಿತು. ಬಾಕಿಯವು ಧೂಳು, ಇದೊಂದು ಕಲ್ಲಿನ ಕುಳಿ ಎಂದು ಅಲ್ಲಿಂದಲೇ ಗೈಡ್‌ಗೆ ಬರೆದೆ. ಕಳಿಸುವ ಮುನ್ನ ಮತ್ತೊಮ್ಮೆ ಆಕಾಶದ ಚಿತ್ರ ತೆಗೆದು ನೋಡಿದೆ.