ನಾನು ಕಟ್ಟಿಕೊಟ್ಟ ಹೊಲಿಗೆ ಫೈಲುಗಳು

ಮದುವೆಯಾದ ಎಂಟನೇ ತಿಂಗಳಿಗೆ ತವರಿಗೆ ವಾಪಸಾದೆ. ಬಿಳಿಗೆರೆಯ ಅಣ್ಣನ ಮನೆಯಲ್ಲಿ ನನಗೆ ಸಿಕ್ಕಿದ್ದು ಕೊಬ್ಬರಿ ಅಟ್ಟದ ಕೆಳಗಿನ ಕೋಣೆ. ಮೇಲೆ ಕಾಯಿಗಳು ತಿಂಗಳುಗಟ್ಟಲೆ ಒಣಗುತ್ತಿದ್ದವು, ಕೆಳಗೆ ನಾನು. ಅತ್ತಿಗೆ ಕೆಟ್ಟವರಲ್ಲ, ಹೊತ್ತಿಗೆ ಸರಿಯಾಗಿ ಊಟಕ್ಕೆ ಕರೆಯುತ್ತಿದ್ದರು. ಅದು ಬಿಟ್ಟರೆ ನನ್ನನ್ನು ಮಾತಾಡಿಸುವವರು ಯಾರೂ ಇರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ತಿಪಟೂರಿಗೆ ಹೊಲಿಗೆ ಕಲಿಯಲು ಹೋಗುತ್ತಿದ್ದ ನಮ್ಮೂರ ಹುಡುಗಿಯರು ಪರೀಕ್ಷೆಗೆ ಒಂದು ಫೈಲು ಒಪ್ಪಿಸಬೇಕಿತ್ತು. ಹೆಮ್ಮಿಂಗು, ತೇಪೆ, ನೆರಿಗೆ, ಗುಂಡಿ ತೂರಿಸುವ ಕಾಜ, ಎಲ್ಲದರ ಮಾದರಿಯನ್ನೂ ಕೈಯಲ್ಲೇ ಹೊಲಿದು, ಹಾಳೆಗೆ ಅಂಟಿಸಿ, ರಟ್ಟು ಕಟ್ಟಿ ಕೊಡಬೇಕು. ಒಬ್ಬಳು ಅಳುಮುಖ ಮಾಡಿಕೊಂಡು ಬಂದಳು.

"ನಂಗೆ ಬರಲ್ಲ ಕಣಕ್ಕ, ನೀನೇ ಮಾಡ್ಕೊಟ್ಬುಡು."

ಮಾಡಿಕೊಟ್ಟೆ. ಆಮೇಲೆ ವರ್ಷಕ್ಕೆ ಇಬ್ಬರು ಮೂವರು ಬರತೊಡಗಿದರು.

ತೀರಿಹೋದ ಅಮ್ಮನ ಹೊಲಿಗೆ ಟ್ರಂಕು ನನ್ನ ಹತ್ತಿರವಿತ್ತು. ಹಳೇ ರವಿಕೆ ಕಣಗಳು, ಲೇಸು, ಮರದ ರೀಲಿಗೆ ಸುತ್ತಿದ ದಾರ, ಯಾವುದೋ ಕಾಲದ ಚಿಪ್ಪಿನ ಗುಂಡಿಗಳು. ಸೋಪಿನ ಡಬ್ಬದ ರಟ್ಟಿಗೆ ಹುಣಸೆಬೀಜದ ಅಂಟು ಬಳಿದು, ಮೇಲೆ ಸೀರೆಯ ತುಂಡನ್ನು ಎಳೆದು ಕೂರಿಸುತ್ತಿದ್ದೆ. ಅಕ್ಕಿಗಂಜಿ ಬಳಿದರೆ ಜಿರಲೆಗಳೇ ಮೊದಲು ಪರೀಕ್ಷೆ ಮುಗಿಸಿಬಿಡುತ್ತಿದ್ದವು. ಅಂಚಿಗೆ ಲೇಸು, ಮುಚ್ಚಲು ಒಂದು ಕಾಜ, ಒಂದು ಚಿಪ್ಪಿನ ಗುಂಡಿ. ಜಂಬ ಅನ್ನಿಸಿದರೂ ಹೇಳುತ್ತೇನೆ, ಅಂಥ ಕಾಜ ಹೊಲಿಯುವವರು ಸುತ್ತ ಮೂರು ತಾಲ್ಲೂಕಿನಲ್ಲಿ ಇರಲಿಲ್ಲ.

ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಮುಗಿಯುವವರೆಗೂ ಮಧ್ಯಾಹ್ನ ನನ್ನ ಜೊತೆ ಕೂತಿರಲಿ ಅನ್ನುವುದಷ್ಟೇ ಆಸೆ, ಅದನ್ನೂ ಬಾಯಿಬಿಟ್ಟು ಹೇಳಿದವಳಲ್ಲ. ಹುಡುಗಿ ಮನೆಗೆ ಹೋದ ಮೇಲೆ ಹೊಲಿದದ್ದನ್ನು ಬಿಚ್ಚಿಡುತ್ತಿದ್ದೆ, ಇನ್ನೆರಡು ದಿನ ಬರಲಿ ಎಂದು. ಫೈಲು ಮುಗಿದರೆ ಯಾರೂ ಈ ಕಡೆ ತಲೆ ಹಾಕುತ್ತಿರಲಿಲ್ಲ. ಬಾವಿ ಹತ್ತಿರ ಸಿಕ್ಕರೆ ನಕ್ಕು ಹೋಗುತ್ತಿದ್ದರು. ಆಗೆಲ್ಲ ನನಗೆ ಬಹಳ ಕೋಪ ಬರುತ್ತಿತ್ತು.

ಏಳನೇ ವರ್ಷ ನಾನೇ ಖಾಸಗಿಯಾಗಿ ಪರೀಕ್ಷೆಗೆ ಕಟ್ಟಿದೆ. ಶೆಟ್ಟಿಕೆರೆಯಲ್ಲಿ ಹೊಲಿಗೆ ಕಲಿಸುವವರು ಬೇಕಂತೆ, ಸರ್ಟಿಫಿಕೇಟು ಇದ್ದರೆ ಇರಲು ಕೋಣೆಯನ್ನೂ ಕೊಡುತ್ತಾರಂತೆ ಎಂದು ಸುದ್ದಿ ಬಂದಿತ್ತು. ಆ ಕೋಣೆ ನನಗೆ ಬೇಕಿತ್ತು. ಅಮ್ಮನ ಧಾರೆ ಸೀರೆಯ ಸೆರಗನ್ನೇ ಕತ್ತರಿಸಿ ನನ್ನ ಫೈಲಿಗೆ ಹೊದಿಸಿದೆ. ಆ ವರ್ಷವೂ ಇಬ್ಬರಿಗೆ ಮಾಡಿಕೊಟ್ಟಿದ್ದೆ. ಮೂವರೂ ಒಂದೇ ಬಸ್ಸಿನಲ್ಲಿ ತುಮಕೂರಿಗೆ ಹೋದೆವು.

ಪರೀಕ್ಷಕರು ವಯಸ್ಸಾದ ಮೇಡಂ. ಪ್ರತಿ ವರ್ಷ ಅವರೇ ಬರುವುದಂತೆ. ನನ್ನ ಫೈಲಿನ ಗುಂಡಿ ಬಿಚ್ಚಿ, ಕಾಜದ ಮೇಲೆ ಬೆರಳಾಡಿಸಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಯಾರ ಕೈಲಮ್ಮ ಮಾಡಿಸ್ದೆ?"

"ನಾನೇ ಮಾಡಿದ್ದು, ಮೇಡಂ."

"ಸುಳ್ಳು ಹೇಳ್ಬೇಡ. ಈ ಕೈ ನಂಗೆ ಗೊತ್ತು. ತಿಪಟೂರು ಕ್ಲಾಸಿನ ಹುಡ್ಗೀರ ಫೈಲಲ್ಲಿ ವರ್ಷಾವರ್ಷ ನೋಡ್ತೀನಿ, ಅವ್ರ ಟೀಚರ್ ಕಲಿಸಿರೋದು ಇದು. ನೀನು ಆ ಕ್ಲಾಸಿಗೇ ಹೋದೋಳಲ್ಲ. ನಿಂದೇ ಆದ್ರೆ ಇಲ್ಲೇ ಒಂದು ಕಾಜ ಹೊಲಿ, ನೋಡೋಣ."

ಸೂಜಿಗೆ ದಾರ ಪೋಣಿಸಿದೆ. ಹಿಂದಿನ ಬೆಂಚಿನಲ್ಲಿ ನಮ್ಮೂರ ಹುಡುಗಿಯರಿಬ್ಬರೂ ಕೂತಿದ್ದರು. ಆ ಕೈ ನನ್ನದೇ ಎಂದು ಗೊತ್ತಾದರೆ, ಅವರ ಫೈಲುಗಳ ಮೇಲೂ ಅನುಮಾನ ಬಂದು ಅವರನ್ನೂ ಹೊಲಿಯಲು ಕೂರಿಸುತ್ತಾರೆ. ಅವರಿಗೋ ಕಾಜದ ತಲೆಬುಡ ಗೊತ್ತಿಲ್ಲ. ಹಾಳಾಗಿ ಹೋಗಲಿ ಎಂದು ಒಂದು ಗಳಿಗೆ ಅನ್ನಿಸಿತು, ಖಂಡಿತ ಅನ್ನಿಸಿತು. ಆದರೆ ನನ್ನ ಕೋಣೆಯಲ್ಲಿ ಬಂದು ಕೂತಿದ್ದವರು ಈ ಲೋಕದಲ್ಲಿ ಅವರಷ್ಟೇ. ಬೇಕೆಂದೇ ಎಳೆಗಳನ್ನು ಬಿಗಿದು ಕಾಜವನ್ನು ಸೊಟ್ಟ ಮಾಡಿದೆ. ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟು ಹೊಲಿದದ್ದು ಅದೊಂದನ್ನೇ.

ಮೇಡಂ ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಗೀಟು ಎಳೆದರು. ಶೆಟ್ಟಿಕೆರೆಯ ಕೋಣೆ ಅಲ್ಲಿಗೆ ಮುಗಿಯಿತು. ಫೈಲನ್ನು ವಾಪಸ್ ಕೊಡುವಾಗ ಅವರ ದನಿ ಮೆತ್ತಗಾಗಿತ್ತು.

"ಇದನ್ನ ಮಾಡ್ಕೊಟ್ಟೋರಿಗೆ ಒಂದು ಮಾತು ಹೇಳಮ್ಮ. ಪ್ರತಿ ವರ್ಷ ಬಂದ ಕೂಡ್ಲೆ ನಾನು ಹುಡುಕೋದು ಅವ್ರ ಕಾಜಾನೇ ಅಂತ."

ಅಷ್ಟು ವರ್ಷ ನನ್ನ ದಾರಿ ಕಾಯುತ್ತಿದ್ದವರು ಒಬ್ಬರಿದ್ದರು.

"ಹೇಳ್ತೀನಿ, ಮೇಡಂ" ಅಂದೆ.