ಗಾಳಿಕಟ್ಟೆಯ ಹಲಗೆ

ಮೋಡ ಕವಿದ ದಿನಗಳಲ್ಲಿ ನಾನು ಬರೆಯಲು ಕೂರುವ ಹಲಗೆಯಿಂದ ಗೇರೆಣ್ಣೆಯ ವಾಸನೆ ಏಳುತ್ತದೆ. ಗೇರುಬೀಜದ ಸಿಪ್ಪೆಯಿಂದ ತೆಗೆದ ಆ ಕಪ್ಪು ಎಣ್ಣೆಯನ್ನು ಕರಾವಳಿಯವರು ದೋಣಿಗೆ ಬಳಿಯುತ್ತಾರೆ. ಧಾರವಾಡದ ಕಡೆಯವರಾದ ನಮಗೆ ಅದರ ಪರಿಚಯವಿರಲಿಲ್ಲ. ಪುಣೆಯಲ್ಲಿ ನಮ್ಮ ಮನೆಯ ಕೆಳಗೆ ಹೋಟೆಲು ಇಟ್ಟಿದ್ದವರು ನಮ್ಮ ಮೂಗಿಗೆ ಅದನ್ನು ರೂಢಿ ಮಾಡಿಸಿದರು. ಈ ವರ್ಷವೂ ಮೊದಲ ಮಳೆಗೇ ವಾಸನೆ ಎದ್ದಿತು... ಅವರು ಇರಲಿಲ್ಲ.

ನಾವು ಅವರನ್ನು ಹೋಟೆಲ್ ಕಾಕಾ ಎನ್ನುತ್ತಿದ್ದೆವು. ಉಡುಪಿಯ ಕಡೆಯವರು. ಎತ್ತರದ ಆಳು. ನೆಲ ಯಾವಾಗ ಬೇಕಾದರೂ ಅಲುಗೀತು ಎಂಬಂತೆ ಕಾಲು ಅಗಲಿಸಿ ನಡೆಯುತ್ತಿದ್ದರು. ಸಂಜೆ ತಿಂಡಿ ಮುಗಿದು ಊಟ ಶುರುವಾಗುವ ಮುಂಚೆ, ದಿನವೂ ಗಾಳಿಕಟ್ಟೆಗೆ ಹೋಗಿ ಕೂರುತ್ತಿದ್ದರು.

ಗಾಳಿಕಟ್ಟೆ ಎಂದರೆ ನದಿಯೊಳಕ್ಕೆ ಚಾಚಿಕೊಂಡ ಮರದ ಹಾದಿ. ತುದಿಯಲ್ಲಿ ಎಂಟು ಮೂಲೆಯ ಮಂಟಪ, ಆಚೆ ದಡದಲ್ಲಿ ಯೆರವಡಾ. ಇಂಥ ಕಟ್ಟೆಗಳು ಇರುವುದು ಸಮುದ್ರತೀರದ ಊರುಗಳಲ್ಲಂತೆ, ಬಿಡುವಿನಲ್ಲಿ ಬಂದವರು ನೀರಿನ ಮೇಲೆ ನಡೆದಾಡಲೆಂದು. ತನ್ನೂರಿನ ನೆನಪಿಗೆ ಯಾವನೋ ಇಂಗ್ಲಿಷ್ ದೊರೆ ಇಲ್ಲೊಂದನ್ನು ಕಟ್ಟಿಸಿದ್ದ. ಮೊದಮೊದಲು ಅದು ದೊರೆಗಳಿಗೆ ಮಾತ್ರ. ನಾನು ಕಾಣುವ ಹೊತ್ತಿಗೆ ಎಲ್ಲರದ್ದಾಗಿತ್ತು. ಯಾಕೆ ಬಂದೆ ಎಂದು ಯಾರೂ ಕೇಳದೆ ಹೆಣ್ಣುಮಗಳೊಬ್ಬಳು ಕೂರಬಹುದಾದ ಜಾಗ ನನಗೆ ಗೊತ್ತಿದ್ದದ್ದು ಅದೊಂದೇ. ಕಾಲೇಜಿನ ಪುಸ್ತಕಗಳನ್ನು ನಾನು ಓದಿದ್ದು ಅಲ್ಲಿ. ಕಾಕಾ ಇನ್ನೊಂದು ಮೂಲೆಯಲ್ಲಿ ನೀರಿಗೆ ಮುಖ ಮಾಡಿ ಕೂತಿರುತ್ತಿದ್ದರು. ಒಂದು ಸಲ ಮಾತ್ರ, "ಉಪ್ಪಿನ ವಾಸನೆ ಒಂದು ಇಲ್ಲ ಮಗೂ. ಅದೂ ಇದ್ದಿದ್ರೆ ನನಗೆ ಊರಿಗೆ ಹೋಗುವ ಕೆಲಸವೇ ಇರಲಿಲ್ಲ" ಎಂದಿದ್ದರು.

ಯುದ್ಧದ ಕಾಲದಲ್ಲಿ ಒಂದು ವರ್ಷ ಪ್ರವಾಹ ಬಂದು ಕಟ್ಟೆಯ ಬದಿಯ ಕಟಕಟೆ ಮುರಿಯಿತು, ಕೆಲವು ಕಂಬ ವಾಲಿದವು. ಮರಕ್ಕೆ ಆಗ ಬಹಳ ಬೇಡಿಕೆ. ಕಟ್ಟೆಯನ್ನು ಬಿಚ್ಚಿ ಮಾರಿಬಿಡುವುದೆಂದು ಸರ್ಕಾರಿ ಕಚೇರಿಯವರು ತೀರ್ಮಾನಿಸಿದರು. ಕಾಕಾ ಮಧ್ಯಾಹ್ನ ಹೋಟೆಲಿಗೆ ಬೀಗ ಹಾಕಿ, ಇಂಗ್ಲಿಷ್ ಮಾತಾಡಲೆಂದು ನನ್ನ ಅಪ್ಪನನ್ನು ಕರೆದುಕೊಂಡು ಅಲ್ಲಿಗೆ ಹೋದರು. ಅಪ್ಪ ಗುಮಾಸ್ತರು, ದೊರೆಗಳೆಂದರೆ ಅಳುಕು. ಸಂಜೆ ಬಂದು ಅವ್ವನಿಗೆ ಹೇಳಿದರು: "ನದೀನ ಹೆಂಗ ನಿಲ್ಲಸ್ತೀ ಅಂತ ಸಾಹೇಬ ಕೇಳಿದಾ. ಇವರು 'ನಿಲ್ಲಿಸುದು ಯಾರು? ದಾರಿ ಬಿಡುದು, ಅಷ್ಟೆ' ಅಂದ್ರು. ಅದನ್ನ ಇಂಗ್ಲಿಷಿನ್ಯಾಗ ಹೇಳೂದರಾಗ ನನಗ ಬೆವರು ಬಂತು."

ಮೊಳೆ ಹೊಡೆದ ಹಲಗೆಗಳ ಅಡಿಗೆ ನೀರು ನುಗ್ಗಿ ಇಡೀ ಕಟ್ಟೆಯನ್ನು ಎತ್ತುತ್ತದೆ, ಮಳೆಗೆ ಮುಂಚೆ ಹಲಗೆ ತೆಗೆದಿಟ್ಟರೆ ಬರಿಯ ಕಂಬಗಳ ನಡುವೆ ಹರಿದುಹೋಗುತ್ತದೆ ಎಂಬುದು ಕಾಕಾ ಅವರ ವಾದ. ಸಾಹೇಬ ಒಂದು ಮಳೆಗಾಲದ ಅವಕಾಶ ಕೊಟ್ಟ. ಕಂಬಗಳು ನಿಂತರೆ ಕಟ್ಟೆ ಉಳಿಯುತ್ತದೆ, ಇಲ್ಲವಾದರೆ ಮರ ಮಾರುವ ವಖಾರಿಗೆ.

ವಾಲಿದ ಕಂಬಗಳನ್ನು ನೆಟ್ಟಗೆ ಮಾಡಿಸಿ, ಮೊಳೆಗಳನ್ನೆಲ್ಲ ಕೀಳಿಸಿ, ಹಲಗೆಗಳನ್ನು ಹೋಟೆಲಿಗೆ ತಂದರು. ತಾವೇ ಕೂತು ಗೇರೆಣ್ಣೆ ತಿಕ್ಕಿದರು. ಬಟ್ಟೆ ಸುತ್ತಿಕೊಂಡರೂ ಕೈಯೆಲ್ಲ ಬೊಬ್ಬೆ. ಇಡಲು ಬೇರೆ ಜಾಗವಿರಲಿಲ್ಲ. ಹೋಟೆಲಿನ ಮೇಜು ಬೆಂಚುಗಳನ್ನು ಹಿತ್ತಿಲಿಗೆ ಹಾಕಿಸಿ, ಇಟ್ಟಿಗೆಯ ಮೇಲೆ ಆ ಹಲಗೆಗಳನ್ನೇ ಜೋಡಿಸಿದರು. ಮಳೆಗಾಲವಿಡೀ ಜನ ಕೂತದ್ದೂ ತಿಂದದ್ದೂ ಅವುಗಳ ಮೇಲೆಯೇ. ಮೆಟ್ಟಿಲ ಬಳಿ ನಿಂತರೆ ನನಗೆ ಎಲ್ಲ ಕೇಳುತ್ತಿತ್ತು.

"ದ್ವಾಸಿ ಭಾಳ ಚಲೋ ಅದ ರೀ ಕಾಕಾ. ಆದ್ರ ದೋಣ್ಯಾಗ ಕೂತು ತಿಂದಂಗ ಆಗ್ತದ," ಎಂದು ಬೆಳಗಾವಿಯ ಗಿರಾಕಿಯೊಬ್ಬರು.

"ದೋಣಿ ಬಾಡಿಗೆ ಕೇಳಲಿಲ್ಲವಲ್ಲ, ತಿನ್ನಿ ಮಾರಾಯ್ರೆ," ಎಂದು ಕಾಕಾ.

ವಾಸನೆ ತಾಳಲಾರದೆ ಎಷ್ಟೋ ಮಂದಿ ಎದುರಿನ ಹೋಟೆಲಿಗೆ ಹೋದರು. ಇವರು ಒಂದು ಹಲಗೆಯನ್ನೂ ಕದಲಿಸಲಿಲ್ಲ.

ನಮ್ಮ ಮನೆಯ ಹೆಂಗಸರು ಹೋಟೆಲಿಗೆ ಕಾಲಿಡುತ್ತಿರಲಿಲ್ಲ. ಒಂದು ದಿನ ಕಾಕಾ ಅವರೇ ಒಂದು ಹಲಗೆಯನ್ನು ಹೆಗಲ ಮೇಲೆ ಹೊತ್ತು ಮೇಲೆ ಬಂದರು.

"ಇದೇನ್ರೀ ಅಣ್ಣಾರ, ನಮ್ಮನಿ ವಖಾರಿ ಮಾಡೀರೇನು?" ಎಂದಳು ಅವ್ವ.

"ಮಗು ಇದರ ಮೇಲೆ ಕೂತೇ ಅಲ್ವಾ ಓದಿದ್ದು. ಮಳೆ ಮುಗಿಯುವ ತನಕ ಇದರ ಮೇಲೆ ಬರೀಲಿ."

ನಾನು ಎಲ್ಲಿ ಕೂರುತ್ತೇನೆಂದು ಅವರು ನೋಡಿಟ್ಟುಕೊಂಡಿದ್ದರು.

ಶ್ರಾವಣದಲ್ಲಿ ನದಿ ಏರಿತು. ಊರೆಲ್ಲ ನೋಡಲು ಹೋಯಿತು. ಮಂಟಪದ ಮಾಡು ಬಿಟ್ಟರೆ ಕೆಂಪು ನೀರು ಮಾತ್ರ. ಕಾಕಾ ಹೋಗಲಿಲ್ಲ. "ನಾನು ನೋಡಿದ್ರೆ ಇಳೀತದಾ?" ಎಂದು ಹಿಟ್ಟು ರುಬ್ಬುತ್ತಿದ್ದರು. ಅಂದು ಹಿಟ್ಟು ಬೇಕಾದದ್ದಕ್ಕಿಂತ ಬಹಳ ಹೆಚ್ಚಾಯಿತು ಎಂದು ಆಮೇಲೆ ತಿಳಿಯಿತು...

ನೀರು ಇಳಿಯಿತು. ಕಸಕಡ್ಡಿ ಸುತ್ತಿಕೊಂಡು, ಕಂಬಗಳೆಲ್ಲ ನಿಂತಿದ್ದವು.

ಅಂದಿನಿಂದ ಅದೇ ಪದ್ಧತಿಯಾಯಿತು. ನವರಾತ್ರಿ ಕಳೆದ ಮೇಲೆ, ತಾನು ತಿಂದ ಹಲಗೆಯನ್ನು ಗಿರಾಕಿಯೇ ಹೊತ್ತು ತರಬೇಕು. ಕಾಕಾ ಮುಂದೆ ಕೂತು ಒಂದೊಂದನ್ನೂ ಮರದ ಬೆಣೆ ಹೊಡೆದು ಕೂರಿಸುವರು. ಚಟ್ನಿಗೆ ಒಡೆದ ತೆಂಗಿನಕಾಯಿಗಳ ನಾರನ್ನು ವರ್ಷವಿಡೀ ಕೂಡಿಟ್ಟು, ಹಲಗೆಗೂ ತೊಲೆಗೂ ನಡುವೆ ಒತ್ತುವರು. ಕೊನೆಗೆ ಬರಿಗಾಲಲ್ಲಿ ತುದಿಯ ತನಕ ನಡೆದು, ತಿರುಗಿ ನಿಂತು, "ಬನ್ನಿ" ಎನ್ನುವರು. ಆಮೇಲೆಯೇ ಉಳಿದವರು.

ಈ ಸಲ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಹೋಟೆಲು ಹಿಡಿದ ಹೊಸಬರು ಕಲ್ಲಿನ ಮೇಜು ಹಾಕಿಸಿದ್ದಾರೆ. ಹಲಗೆಗಳಿಗೆ ಅಲ್ಲಿ ಜಾಗವಿಲ್ಲ. ಗಿರಾಕಿಗಳೇ ಅವನ್ನು ಬಿಚ್ಚಿ ತಂತಮ್ಮ ಮನೆಗಳಲ್ಲಿ ಇಟ್ಟುಕೊಂಡರು. ನನ್ನದು ಎಂದಿನಂತೆ ನನ್ನ ಕಿಟಕಿಯ ಬಳಿಗೆ ಬಂತು.

ನವರಾತ್ರಿ ಕಳೆದಿತ್ತು. ನಿನ್ನೆ ಬೆಳಿಗ್ಗೆ ಕೆಳಗೆ ಮರಕ್ಕೆ ಮರ ತಾಗುವ ಸದ್ದಾಯಿತು. ಯಾರೂ ಯಾರಿಗೂ ಹೇಳಿಕಳಿಸಿರಲಿಲ್ಲ. ಅಪ್ಪ ನನ್ನ ಪುಸ್ತಕಗಳನ್ನು ಎತ್ತಿಟ್ಟು, "ಆ ಕಡೆ ಹಿಡಿ" ಎಂದರು. ಹಲಗೆಗಳೆಲ್ಲ ಬಂದವು, ಬೆಣೆಗಳೂ ಬಿಗಿಯಾದವು. ಆಮೇಲೆ ಎಲ್ಲರೂ ದಡದಲ್ಲೇ ನಿಂತೆವು. ಮೊದಲು ಯಾರು ಹೋಗಬೇಕೆಂದು ಯಾರಿಗೂ ತೋಚಲಿಲ್ಲ. ಬೆಳಗಾವಿಯವರು ನನ್ನ ಕಡೆ ನೋಡಿ, "ನೀವ ಹೋಗ್ರೀ ಬಾಯಾರ" ಎಂದರು.

ಚಪ್ಪಲಿ ಕಳಚಿ ಕಾಲಿಟ್ಟೆ. ಹಲಗೆ ಟಕ್ ಎಂದಿತು. ಮುಂದಿನದ್ದೂ. ನಾರು ಇಡುವುದನ್ನು ನಾವೆಲ್ಲರೂ ಮರೆತಿದ್ದೆವು. ಅವರಿದ್ದಾಗ ಕಟ್ಟೆ ಸದ್ದು ಮಾಡುತ್ತದೆಂದು ನಮಗೆ ಗೊತ್ತೇ ಇರಲಿಲ್ಲ. ಒಂದೊಂದು ಹೆಜ್ಜೆಗೂ ಅದನ್ನು ಕೇಳುತ್ತ ಮಂಟಪದ ತನಕ ನಡೆದು, ತಿರುಗಿ ನಿಂತೆ. ಎಲ್ಲರೂ ಕಾಯುತ್ತಿದ್ದರು. "ಬನ್ನಿ" ಎಂದೆ.